ಕಾಲೇಜಿನ ಲೆಕ್ಕಪತ್ರದಲ್ಲಿ ಕನ್ನಡ

ಪೋರೂರಿನಲ್ಲಿ ನೆಲೆಸಿರುವ ನಮ್ಮಂಥ ಕೇಂದ್ರ ಸರ್ಕಾರಿ ನೌಕರರ ಮನೆಗಳಲ್ಲಿ ಮಕ್ಕಳು ಒಂಬತ್ತನೆಯ ತರಗತಿಗೆ ಬಂದೊಡನೆ ಒಂದು ಮಾತು ಮೊದಲಾಗುತ್ತದೆ: ಕಾಲೇಜಿಗೆ ಹಣ ಹೊಂದಿಸುವುದು ಹೇಗೆ? ಅದರ ಜೊತೆಯಲ್ಲೇ ಕೇಳಬೇಕಾದ ಇನ್ನೊಂದು ಪ್ರಶ್ನೆ ತಡವಾಗಿ ಬರುತ್ತದೆ: ನಮ್ಮ ಮಗು ಯಾವ ರಾಜ್ಯದ ವಿದ್ಯಾರ್ಥಿ? ಮೊದಲನೆಯ ಪ್ರಶ್ನೆಯ ಅರ್ಧ ಉತ್ತರ ಎರಡನೆಯದರಲ್ಲಿದೆ ಎಂಬುದು ನಮ್ಮ ಅಭಿಪ್ರಾಯ.

ಹಣದ ಮಾತನ್ನು ಮೊದಲು ನೋಡೋಣ. ಏಳನೆಯ ವೇತನ ಆಯೋಗದ ಬಳಿಕ ಮಕ್ಕಳ ಶಿಕ್ಷಣ ಭತ್ಯೆ ತಿಂಗಳಿಗೆ 2,250 ರೂಪಾಯಿ ಆಯಿತು, ತುಟ್ಟಿಭತ್ಯೆ ಶೇ. 50 ಮುಟ್ಟಿದಾಗ, 2024ರ ಜನವರಿಯಿಂದ, ಅದು ಶೇ. 25ರಷ್ಟು ಏರಿತು. ಆದರೆ ಪದವಿ ಶಿಕ್ಷಣಕ್ಕೆ ಅದು ದೊರೆಯದು. ಹನ್ನೆರಡನೆಯ ತರಗತಿಗೇ ನಿಲ್ಲುತ್ತದೆ. ನಿಜವಾದ ಖರ್ಚು ಆರಂಭವಾಗುವ ಹೊಸ್ತಿಲಿನಲ್ಲೇ ನೆರವು ಮುಗಿಯುತ್ತದೆ. 2004ರ ಜನವರಿ 1ರ ನಂತರ ಸೇವೆಗೆ ಸೇರಿದವರಿಗೆ ಹಳೆಯ ಭವಿಷ್ಯನಿಧಿಯ ಆಸರೆಯೂ ಇಲ್ಲ. ಹೊಸ ಪಿಂಚಣಿ ವ್ಯವಸ್ಥೆಯಲ್ಲಿ ಮಕ್ಕಳ ಉನ್ನತ ಶಿಕ್ಷಣಕ್ಕಾಗಿ ನಮ್ಮ ವಂತಿಗೆಯ ಶೇ. 25ರವರೆಗೆ ಮಾತ್ರ ಹಿಂಪಡೆಯಬಹುದು. ಅದೂ ನಮ್ಮ ಮುಪ್ಪಿನ ಗಂಟಿನಿಂದಲೇ.

ಇನ್ನು ಅರ್ಹತೆಯ ಮಾತು. ಕರ್ನಾಟಕದ ಸಿಇಟಿ ಮೂಲಕ ಸರ್ಕಾರಿ ಕೋಟಾದ ಸೀಟು ಪಡೆಯಲು ಸಾಮಾನ್ಯವಾಗಿ ಅಲ್ಲಿ ಏಳು ವರ್ಷ ಓದಿರಬೇಕು. ವರ್ಗಾವಣೆಯ ಬದುಕಿನಲ್ಲಿ ನಮ್ಮ ಮಕ್ಕಳಿಗೆ ಆ ಏಳು ವರ್ಷ ಎಲ್ಲಿಂದ ಬರಬೇಕು? ಸರ್ಕಾರವೇ ಶುಲ್ಕ ನಿಗದಿಪಡಿಸುವ ಸೀಟಿಗೂ ಆಡಳಿತ ಮಂಡಳಿಯ ಸೀಟಿಗೂ ಇರುವ ಅಂತರವನ್ನು ಬಲ್ಲವರಿಗೆ ಈ ಪ್ರಶ್ನೆಯ ಭಾರ ಗೊತ್ತು. ನಮ್ಮ ಪೋರೂರಿನಲ್ಲೇ ದೊಡ್ಡದೊಂದು ವೈದ್ಯಕೀಯ ಕಾಲೇಜಿದೆ. ಆದರೆ ಅಂಥ ಡೀಮ್ಡ್ ವಿಶ್ವವಿದ್ಯಾಲಯಗಳ ವೈದ್ಯಕೀಯ ಸೀಟುಗಳು ಅಖಿಲ ಭಾರತ ಮಟ್ಟದಲ್ಲಿ ಹಂಚಿಕೆಯಾಗುವುದರಿಂದ ನೆರೆಮನೆಯವರೆಂಬ ರಿಯಾಯಿತಿ ಅಲ್ಲಿಲ್ಲ.

ಏಳು ವರ್ಷದ ಈ ನಿಯಮಕ್ಕೆ ಇರುವ ಒಂದು ಅಪವಾದವನ್ನು ಹೊರನಾಡಿನ ತಂದೆತಾಯಿಗಳು ಗಮನಿಸಬೇಕು. ಹೊರನಾಡ ಹಾಗೂ ಗಡಿನಾಡ ಕನ್ನಡಿಗ ಅಭ್ಯರ್ಥಿಗಳಿಗಾಗಿ ಕರ್ನಾಟಕ ಪರೀಕ್ಷಾ ಪ್ರಾಧಿಕಾರವು ಸಿಇಟಿಯ ಜೊತೆಗೆ ಕನ್ನಡ ಭಾಷಾ ಪರೀಕ್ಷೆಯನ್ನೂ ನಡೆಸುತ್ತದೆ. ನಾಲ್ಕನೆಯ ತರಗತಿಯ ಮಟ್ಟದ ಪ್ರಶ್ನೆಗಳು. 50 ಅಂಕಗಳಲ್ಲಿ 12 ಬಂದರೆ ಸಾಕು. ಕೇಳಲು ಸುಲಭ. ಆದರೆ ಮನೆಯಲ್ಲಿ ಅಚ್ಚಗನ್ನಡ ಆಡುವ ಹುಡುಗನಿಗೂ ಒತ್ತಕ್ಷರ ಬರೆಯಲು ಬಾರದಿದ್ದರೆ ಆ ಹನ್ನೆರಡೂ ದೂರವೇ.

ಇಲ್ಲಿನ ಶಾಲೆ ಕನ್ನಡ ಕಲಿಸೀತೆಂದು ನಿರೀಕ್ಷಿಸುವಂತಿಲ್ಲ. 2006ರ ಕಾಯ್ದೆಯ ಬಳಿಕ ತಮಿಳುನಾಡಿನ ಶಾಲೆಗಳಲ್ಲಿ ತಮಿಳು ಹಂತಹಂತವಾಗಿ ಕಡ್ಡಾಯವಾಯಿತು. ಅನ್ನ ಕೊಟ್ಟ ನಾಡಿನ ಭಾಷೆಯನ್ನು ಮಕ್ಕಳು ಕಲಿಯುವುದು ಸಂತೋಷವೇ. ಕನ್ನಡದ ಹೊಣೆ ಮಾತ್ರ ಮನೆಯದು.

ತಾಯ್ನುಡಿಯನ್ನು ಸೀಟಿನ ಲಾಭಕ್ಕಾಗಿ ಕಲಿಸುವುದು ಅದಕ್ಕೆ ಅವಮಾನವಲ್ಲವೇ ಎಂದು ಕೆಲವರು ಕೇಳುತ್ತಾರೆ. ಇಂಗ್ಲಿಷ್ ಸಾಹಿತ್ಯವನ್ನು ಎಂ.ಎ.ಗೆ ಓದಿ, ಅದರ ಬಲದಿಂದಲೇ ನೌಕರಿ ಹಿಡಿದ ನಮಗೆ ಈ ಸಂಕೋಚ ಒಗ್ಗದು. ಇಂಗ್ಲಿಷನ್ನು ಹೊಟ್ಟೆಪಾಡಿಗೆ ಕಲಿತರೂ ಅದರ ಕಾವ್ಯ ನಮ್ಮನ್ನು ಬಿಟ್ಟುಕೊಡಲಿಲ್ಲ. ಕನ್ನಡವೂ ಹಾಗೆಯೇ, ಪ್ರಯೋಜನದ ಬಾಗಿಲಿನಿಂದ ಒಳಬಂದ ಮಗು ಮುಂದೆ ಒಳಮನೆಯನ್ನೂ ಕಂಡೀತು.

ಆದ್ದರಿಂದ ಮಗುವಿನ ಹೆಸರಿನಲ್ಲಿ ಉಳಿತಾಯ ಖಾತೆ ತೆರೆದ ವರ್ಷವೇ ವರ್ಣಮಾಲೆಯನ್ನೂ ತೆರೆಯೋಣ. ದಿನಕ್ಕೆ ಅರ್ಧ ಪುಟ ಕಾಪಿ, ಅಜ್ಜಿಗೆ ತಿಂಗಳಿಗೊಂದು ಕಾಗದ. ಹತ್ತನೆಯ ತರಗತಿಯಲ್ಲಿ ಆಯಾ ವರ್ಷದ ಸಿಇಟಿ ಮಾಹಿತಿ ಪುಸ್ತಕವನ್ನು ಓದಿ, ತಂದೆತಾಯಿಯರ ವ್ಯಾಸಂಗ ಪ್ರಮಾಣಪತ್ರಗಳನ್ನು ಊರಿನ ಶಾಲೆಯಿಂದ ತರಿಸಿಟ್ಟುಕೊಳ್ಳೋಣ. ಇಷ್ಟರ ಮೇಲೂ ಕೊರತೆ ಬಿದ್ದರೆ ಪಿಂಚಣಿಯ ಗಂಟು ಬಿಚ್ಚುವ ಮೊದಲು ಶಿಕ್ಷಣ ಸಾಲವನ್ನು ಯೋಚಿಸಬಹುದು. ಓದು ಮುಗಿದು ಗಳಿಸುವ ಮಕ್ಕಳು ಅದನ್ನು ತೀರಿಸಬಲ್ಲರು. ಹಣಕ್ಕಾದರೆ ಬ್ಯಾಂಕು ಉಂಟು. ಕಳೆದುಹೋದ ಕಲಿಕೆಯ ವರ್ಷಗಳನ್ನು ಸಾಲ ಕೊಡುವ ಬ್ಯಾಂಕು ಯಾವ ಊರಿನಲ್ಲೂ ಇಲ್ಲ.