ಯೇಸುಜನನದ ಪ್ರಮಾಣವಿಚಾರ

ಒಂದೇ ಸಂಗತಿಯನ್ನು ಇಬ್ಬರು ಸಾಕ್ಷಿಗಳು ಭಿನ್ನವಾಗಿ ಹೇಳಿದರೆ ವಿಚಾರಶೀಲನು ಮಾಡತಕ್ಕದ್ದೇನು? ಯೇಸುಕ್ರಿಸ್ತನ ಜನನಕಥೆಯನ್ನು ಓದುವಾಗ ಈ ಪ್ರಶ್ನೆಯು ತಾನಾಗಿಯೇ ಏಳುವುದು.

ನಾಲ್ಕು ಸುವಾರ್ತೆಗಳಲ್ಲಿ ಮತ್ತಾಯನದೂ ಲೂಕನದೂ ಮಾತ್ರವೇ ಈ ಕಥೆಯನ್ನು ಹೇಳುವುವು. ನಕ್ಷತ್ರ, ಮೂಡಣ ದೇಶದ ಜೋಯಿಸರು, ಹೆರೋದರಾಯನ ಕ್ರೌರ್ಯ, ಇವು ಮತ್ತಾಯನಲ್ಲಿವೆ. ಖಾನೇಷುಮಾರಿ, ಗೋದಲಿ, ಕುರುಬರು, ಇವು ಲೂಕನಲ್ಲಿವೆ. ಹೆರೋದನು ಕ್ರಿ. ಪೂ. 4ರಲ್ಲಿ ಮಡಿದನೆಂಬುದು ಬಹುಮಂದಿ ವಿದ್ವಾಂಸರ ಮತ. ಲೂಕನು ಹೇಳುವ ಕುರೇನ್ಯನ ಕಾಲದ ಖಾನೇಷುಮಾರಿಯಾದರೋ, ಯೆಹೂದ್ಯ ಇತಿಹಾಸಕಾರನಾದ ಜೋಸೀಫಸನ ಲೆಕ್ಕದಂತೆ ಕ್ರಿ. ಶ. 6ರದು. ನಡುವೆ ಸುಮಾರು 10 ವರ್ಷಗಳ ಅಂತರ!

ಹಾಗೆಂದು ಎಲ್ಲವೂ ಕಲ್ಪಿತವೆನ್ನುವುದು ದುಡುಕು. ಇಷ್ಟು ಭಿನ್ನವಾಗಿ ಹೇಳುವವರೂ ಹೆರೋದನ ಕಾಲ, ತಾಯಿ ಮರಿಯಳು, ಬೇತ್ಲೆಹೇಮಿನಲ್ಲಿ ಜನನ, ನಜರೇತಿನಲ್ಲಿ ಬಾಲ್ಯ, ಇವುಗಳಲ್ಲಿ ಒಮ್ಮತವುಳ್ಳವರು. ಇವುಗಳೊಳಗೂ ತಾರತಮ್ಯವುಂಟು. ಬೇತ್ಲೆಹೇಮು ದಾವೀದರಾಜನ ಊರು. ಆಳುವವನು ಅಲ್ಲಿಂದ ಬರುವನೆಂದು ಮೀಕನ ಪ್ರವಾದನೆಯಿದ್ದುದರಿಂದ ಭಕ್ತರಿಗೆ ಬೇಕಾದ ಊರು. ನಜರೇತಾದರೋ ಹೆಸರಿಲ್ಲದ ಸಣ್ಣ ಹಳ್ಳಿ. ಅದನ್ನು ಕಟ್ಟಿ ಹೇಳುವುದರಿಂದ ಯಾರ ಗೌರವವೂ ಹೆಚ್ಚುವಂತಿರಲಿಲ್ಲ. ತನಗೆ ಪ್ರಯೋಜನವಿಲ್ಲದ್ದನ್ನು ನುಡಿಯುವ ಸಾಕ್ಷಿಯ ಮಾತಿಗೆ ತೂಕ ಹೆಚ್ಚು. ಆದುದರಿಂದ ನಜರೇತು ದೃಢ, ಹೆರೋದನ ಕಾಲವು ಸಂಭಾವ್ಯ, ಬೇತ್ಲೆಹೇಮು ಸಂದಿಗ್ಧ ಎಂದು ನಾವು ಎಣಿಸುವೆವು. ದೇವದೂತರ ಗಾನವನ್ನು ಇತಿಹಾಸದ ತಕ್ಕಡಿಯು ತೂಗಲಾರದು. ಅದು ಶ್ರದ್ಧೆಯ ವಿಷಯ.

ಮನೆಯ ಮಕ್ಕಳು “ಇದು ನಡೆದದ್ದೇ?” ಎಂದು ಕೇಳಿದರೆ ಗದರಿಸಬಾರದು, ನಗೆಯಾಡಲೂ ಬಾರದು. ಪ್ರಮಾಣಗಳನ್ನು ಮುಂದಿಟ್ಟು ತೂಗುವುದನ್ನು ಕಲಿಸತಕ್ಕದ್ದು. ಆದರೆ ಪರರ ಕಥೆಯನ್ನು ತೂಗಿದ ತಕ್ಕಡಿಯಲ್ಲಿಯೇ ನಮ್ಮ ಮನೆಯ ಕಥೆಗಳನ್ನೂ ಇಡುವ ಧೈರ್ಯವು ಮೊದಲು ಹಿರಿಯರಿಗೆ ಬೇಕು.