ತಕ್ಕಡಿಗೆ ಎರಡು ತಟ್ಟೆ

ಕಳೆದ ವಾರ ಮನೆಗೆ ಬಂದಿದ್ದ ನನ್ನ ಭಾವಮೈದುನ, ನನ್ನ ಅಮಿಯೊಡರೋನ್ ಮಾತ್ರೆಯ ಪೆಟ್ಟಿಗೆಯೊಳಗಿದ್ದ ಚೀಟಿಯನ್ನು ಓದಿ, "ಭಾವ, ಇದು ಔಷಧವಲ್ಲ, ವಿಷ. ಇಂದೇ ನಿಲ್ಲಿಸಿಬಿಡಿ" ಎಂದು ತೀರ್ಪಿತ್ತರು. ಅವರ ಕಾಳಜಿಗೆ ನಾನು ಋಣಿ. ಅವರ ತೀರ್ಪನ್ನು ಮಾತ್ರ ಒಪ್ಪಲಾರೆ.

ಚೀಟಿಯಲ್ಲಿರುವುದು ಸುಳ್ಳಲ್ಲ. ಆ ಔಷಧದ ತೂಕದಲ್ಲಿ ಸುಮಾರು ಶೇಕಡಾ 37ರಷ್ಟು ಅಯೋಡಿನ್. ಆದ್ದರಿಂದ ಥೈರಾಯ್ಡ್ ಗ್ರಂಥಿಯ ಕೆಲಸ ಏರುಪೇರಾಗಬಹುದು. ಶ್ವಾಸಕೋಶ, ಯಕೃತ್ತುಗಳಿಗೂ ಹಾನಿಯಾಗಬಹುದು. ಎರಡನೆಯ ವರ್ಷದಲ್ಲಿ ನನಗೇ ಸದಾ ಆಯಾಸ, ಬೇಸಿಗೆಯಲ್ಲೂ ಚಳಿ. ಥೈರಾಯ್ಡ್ ಕುಂದಿತ್ತು. ಆರು ತಿಂಗಳಿಗೊಮ್ಮೆ ರಕ್ತಪರೀಕ್ಷೆ ಆಗಬೇಕೆಂದು ಮಾತ್ರೆ ಬರೆದುಕೊಟ್ಟವರು ಹೇಳಿರಲಿಲ್ಲ. ಆ ಮೌನವನ್ನು ನಾನಿನ್ನೂ ಕ್ಷಮಿಸಿಲ್ಲ.

ಆದರೆ ಇನ್ನೊಂದು ತಟ್ಟೆಯನ್ನೂ ನೋಡಬೇಕಷ್ಟೆ. ಏಟ್ರಿಯಲ್ ಫಿಬ್ರಿಲೇಶನ್ ಬಂದಾಗ ಎದೆಯೊಳಗೆ ಸಿಕ್ಕಿಬಿದ್ದ ಹಕ್ಕಿಯ ಒದ್ದಾಟ. ಹತ್ತು ಮೆಟ್ಟಿಲು ಹತ್ತಲಾಗದ ಏದುಸಿರು. ಬೇರೆ ಮಾತ್ರೆಗಳು ಸೋತ ಮೇಲೆ ಇದನ್ನು ಕೊಟ್ಟರು. ಇಂದು ನಾನು ಕೆರೆಯ ಏರಿಯ ಮೇಲೆ ಮೂರು ಕಿಲೋಮೀಟರು ನಡೆಯುತ್ತೇನೆ. ಚೀಟಿಯಲ್ಲಿ ಇದನ್ನು ಅಚ್ಚು ಹಾಕುವುದಿಲ್ಲ.

ಹಾಗೆಂದು ವೈದ್ಯರು ಬರೆದದ್ದೆಲ್ಲವೂ ವೇದವಾಕ್ಯವೇ? ಅದೂ ಅಲ್ಲ. ಹೃದಯಾಘಾತವಾದವರಲ್ಲಿ ಕಾಣುವ ಹೆಚ್ಚುವರಿ ಮಿಡಿತಗಳನ್ನು ಅಡಗಿಸಿದರೆ ಜೀವ ಉಳಿಯುತ್ತದೆಂದು ವೈದ್ಯಲೋಕ ಒಮ್ಮೆ ನಂಬಿತ್ತು. 'ಕಾಸ್ಟ್' ಎಂಬ ಅಧ್ಯಯನದ 1991ರ ವರದಿ ಆ ನಂಬಿಕೆಯನ್ನು ಉರುಳಿಸಿತು. ಎನ್‌ಕೈನೈಡ್ ಅಥವಾ ಫ್ಲೆಕೈನೈಡ್ ಸೇವಿಸಿದ 755 ಮಂದಿಯಲ್ಲಿ 63 ಜನ ತೀರಿಕೊಂಡರೆ, ಔಷಧವಿಲ್ಲದ ಹುಸಿಮಾತ್ರೆ ನುಂಗಿದ 743 ಮಂದಿಯಲ್ಲಿ ತೀರಿಕೊಂಡವರು 26. ಇಸಿಜಿ ಸುಧಾರಿಸಿತು, ರೋಗಿ ಉಳಿಯಲಿಲ್ಲ! ಆದರೂ ಅದೇ ಫ್ಲೆಕೈನೈಡ್, ಹೃದಯದ ರಚನೆಯಲ್ಲಿ ದೋಷವಿಲ್ಲದ ಕೆಲವರಿಗೆ ಇಂದಿಗೂ ಉಪಯುಕ್ತವೇ. ಹಾಗಾಗಿ ಮಾತ್ರೆ ಒಳ್ಳೆಯದೋ ಕೆಟ್ಟದ್ದೋ ಎಂಬ ಪ್ರಶ್ನೆಯೇ ಅಪೂರ್ಣ. ಯಾರಿಗೆ, ಯಾತಕ್ಕೆ, ಯಾರ ನಿಗಾದಲ್ಲಿ ಎಂದು ಕೇಳಬೇಕು.

ನಾನು ಮಾತ್ರೆಯನ್ನು ಕಿಟಕಿಯಾಚೆ ಎಸೆಯಲಿಲ್ಲ. ಬೇರೊಬ್ಬ ವೈದ್ಯರ ಬಳಿ ಕುಳಿತು ಲಾಭ ನಷ್ಟಗಳನ್ನು ಲೆಕ್ಕ ಹಾಕಿದೆ. ಥೈರಾಯ್ಡಿಗೆ ಇನ್ನೊಂದು ಮಾತ್ರೆ ಸೇರಿತು, ಇದರ ಪ್ರಮಾಣ ಇಳಿಯಿತು, ಪರೀಕ್ಷೆಗಳ ದಿನಾಂಕ ಗೋಡೆಯ ಕ್ಯಾಲೆಂಡರಿಗೇರಿತು. ತಾನಾಗಿ ನಿಲ್ಲಿಸುವುದು ಧೈರ್ಯವಲ್ಲ; ಕೇಳದೆ ನುಂಗುವುದು ವಿಧೇಯತೆಯೂ ಅಲ್ಲ.

ಪ್ರಿಯ ವಿದ್ಯಾರ್ಥಿಗಳೇ, ತರಗತಿಯಲ್ಲಿ ಪ್ರಶ್ನೆ ಕೇಳದವರನ್ನು ನಾನು ನಿಲ್ಲಿಸುತ್ತಿದ್ದುದು ನೆನಪಿದೆಯೇ? ನಿಮ್ಮಲ್ಲೂ ಹಲವರಿಗೆ ಈಗ ಐವತ್ತು ದಾಟಿದೆ. ವೈದ್ಯರ ಎದುರಿಗೂ ಬಾಯಿ ಬಿಡಿ.