ಪರದೆಯೊಳಗಿನ ಪೇಟೆ

2024ರ ಅಕ್ಟೋಬರ್ 16ರಂದು ಪುಣೆಯ ಸೂಪರ್‌ಗೇಮಿಂಗ್ ಕಂಪನಿ ‘ಇಂಡಸ್’ ಎಂಬ ಮೊಬೈಲ್ ಆಟವನ್ನು ಬಿಡುಗಡೆ ಮಾಡಿತು. ವಿರ್ಲೋಕ ಎಂಬ ಕಲ್ಪಿತ ಗ್ರಹದಲ್ಲಿ ನಡೆಯುವ ಈ ಕಾಳಗದ ಆಟಕ್ಕೆ ಭಾರತೀಯ ರೂಪ ಕೊಡಲು ಕಂಪನಿ ವರ್ಷಗಟ್ಟಲೆ ದುಡಿದಿತ್ತು. ನವಿಲಿನ ಛಾಯೆ ಹೊತ್ತ ಮೋರ್‌ನಿ ಎಂಬ ಪಾತ್ರವೂ ಅದರಲ್ಲಿದೆ. ಇಳಿಸಿಕೊಳ್ಳುವುದಕ್ಕೂ ಆಡುವುದಕ್ಕೂ ದುಡ್ಡು ಕೊಡಬೇಕಿಲ್ಲ. ಹಾಗಾದರೆ ಇಂಥ ಆಟಗಳನ್ನು ಕಟ್ಟುವ ಚಿತ್ರಕಾರರಿಗೆ, ಪ್ರೋಗ್ರಾಮರ್‌ಗಳಿಗೆ ಸಂಬಳ ಎಲ್ಲಿಂದ ಬರುತ್ತದೆ? ಜಗತ್ತಿನ ಹೆಚ್ಚಿನ ಉಚಿತ ಆಟಗಳು ಕಂಡುಕೊಂಡ ಉತ್ತರ ಒಂದೇ: ಆಟದೊಳಗೊಂದು ಅಂಗಡಿ. ಅಲ್ಲಿ ಬಂದೂಕಿಗೆ ಹೊಸ ಬಣ್ಣ, ಯೋಧನಿಗೆ ಹೊಸ ಉಡುಪು, ಗೆದ್ದಾಗ ಕುಣಿಯಲು ಹೊಸ ಕುಣಿತ ಮಾರಾಟಕ್ಕಿರುತ್ತವೆ. ಆಡುವವರ ಮಾತಿನಲ್ಲಿ ಬಣ್ಣ, ಉಡುಪು ಸ್ಕಿನ್; ಕುಣಿತ ಎಮೋಟ್; ಇಂಥವನ್ನು ಒಂದು ಅವಧಿಗೆ ಒಟ್ಟಾಗಿ ಕೊಡುವ ಚೀಟಿ ಪಾಸ್.

ಕೈಗೆ ಸಿಗದ ವಸ್ತುವಿಗೆ ಕೈಯಲ್ಲಿದ್ದ ದುಡ್ಡು ಕೊಡುವುದು ಸರಿಯೇ? ಪುಣೆಯಲ್ಲಿ ಈ ಪ್ರಶ್ನೆ ಎರಡೂ ಬದಿಯಿಂದ ಏಳುತ್ತದೆ. ಆಟ ಕಟ್ಟುವವರೂ ಈ ಊರಿನಲ್ಲಿದ್ದಾರೆ, ಆಡುವವರೂ ಇದ್ದಾರೆ. ಫ್ರಾನ್ಸ್‌ನ ಯೂಬಿಸಾಫ್ಟ್‌ನ ದೊಡ್ಡ ಸ್ಟುಡಿಯೊ ಇಲ್ಲಿದೆ. ‘ರಿಯಲ್ ಕ್ರಿಕೆಟ್’ ಆಟದ ನಾಟಿಲಸ್ ಮೊಬೈಲ್ ಅನ್ನು 2020ರಲ್ಲಿ ಕೊಂಡ ಜೆಟ್‌ಸಿಂಥೆಸಿಸ್ ಇಲ್ಲಿಯದು. ಇನ್ನೊಂದು ಬದಿಯಲ್ಲಿ ಕಾಲೇಜುಗಳ ಹಾಸ್ಟೆಲುಗಳು, ಹಿಂಜವಡಿಯ ಐಟಿ ಕಚೇರಿಗಳ ಸುತ್ತಲಿನ ಪಿಜಿಗಳು. ಬೆಳಗಾವಿ, ವಿಜಯಪುರ, ಕಲಬುರ್ಗಿ ಕಡೆಯಿಂದ ಓದಲು, ದುಡಿಯಲು ಬಂದ ಯುವಕರಿಗೆ ಊರಿನ ಗೆಳೆಯರ ಜೊತೆ ರಾತ್ರಿ ಹೊತ್ತು ಒಂದಾಗಲು ಇರುವ ಜಾಗ ಎಷ್ಟೋ ಸಲ ಇಂಥ ಆಟವೇ. ಅಲ್ಲಿ ಖರ್ಚಾದ ದುಡ್ಡನ್ನು ಹಿರಿಯರು ಒಂದೇ ಮಾತಿನಲ್ಲಿ ದಂಡ ಎಂದುಬಿಡುತ್ತಾರೆ. ಕಿರಿಯರು ಅಷ್ಟೇ ಬೇಗ ‘ನನ್ನ ದುಡ್ಡು, ನನ್ನಿಷ್ಟ’ ಎನ್ನುತ್ತಾರೆ. ಎರಡೂ ಮಾತು ಅರ್ಧ ದಾರಿಗೇ ನಿಲ್ಲುತ್ತವೆ.

ಮೊದಲು ಹಿರಿಯರ ಆಕ್ಷೇಪ. ಇಲ್ಲದ ಲೋಕಕ್ಕೆ ಯಾಕೆ ಹಣ ಎನ್ನುವ ವಾದ ಈ ಊರಿನ ಇತಿಹಾಸದ ಮುಂದೆ ನಿಲ್ಲುವುದಿಲ್ಲ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಅಣ್ಣಾಸಾಹೇಬ ಕಿರ್ಲೋಸ್ಕರರು 1880ರ ಅಕ್ಟೋಬರ್ 31ರಂದು ಪುಣೆಯಲ್ಲಿ ‘ಸಂಗೀತ ಶಾಕುಂತಲ’ವನ್ನು ರಂಗಕ್ಕೆ ತಂದರು. ಅಂದಿನಿಂದ ಇಲ್ಲಿಯ ಜನ ಟಿಕೆಟ್ ಕೊಂಡು ಕಣ್ವರ ಆಶ್ರಮವನ್ನೂ ದುಷ್ಯಂತನ ಆಸ್ಥಾನವನ್ನೂ ನೋಡಿದ್ದಾರೆ. ಬಣ್ಣದ ಪರದೆ ಮೇಲೆದ್ದಾಗ ಇದ್ದ ಲೋಕ, ಪರದೆ ಬಿದ್ದಾಗ ಇರಲಿಲ್ಲ. ಆ ಹಣ ವ್ಯರ್ಥವೆಂದು ಯಾರೂ ಹೇಳುವುದಿಲ್ಲ. ಆ ದುಡ್ಡಿನಿಂದ ನಟರು ಬದುಕಿದರು, ಹಾಡುಗಾರರು ಬೆಳೆದರು, ನೋಡಿದವರಿಗೆ ಜೀವನಪೂರ್ತಿ ನೆನಪಿಡುವ ಸಂಜೆಗಳು ಸಿಕ್ಕವು. ಅನುಭವಕ್ಕೆ ಬೆಲೆ ಕೊಡುವುದು ಮನುಷ್ಯ ಸಹಜ. ಆ ಅನುಭವ ರಂಗದ ಮೇಲೆ ಸಿಗುತ್ತದೆಯೋ ಮೊಬೈಲ್‌ನಲ್ಲಿ ಸಿಗುತ್ತದೆಯೋ ಎಂಬುದರಿಂದ ಅದರ ಮರ್ಯಾದೆ ಹೆಚ್ಚು ಕಡಿಮೆ ಆಗಬೇಕಿಲ್ಲ.

ಪರದೆಯೊಳಗಿನ ವಸ್ತುವಿಗೆ ನಿಜವಾದ ಬೆಲೆಯಿದೆ ಎಂದು ನ್ಯಾಯಾಲಯಗಳೂ ಒಪ್ಪಿವೆ. ನೆದರ್ಲೆಂಡ್ಸ್‌ನಲ್ಲಿ ಇಬ್ಬರು ಹುಡುಗರು ಮತ್ತೊಬ್ಬ ಹುಡುಗನನ್ನು ಹೊಡೆದು, ಚಾಕು ತೋರಿಸಿ ಬೆದರಿಸಿ, ‘ರೂನ್‌ಸ್ಕೇಪ್’ ಆಟದಲ್ಲಿ ಅವನ ಬಳಿಯಿದ್ದ ತಾಯಿತವನ್ನೂ ಮುಖವಾಡವನ್ನೂ ತಮ್ಮ ಖಾತೆಗೆ ಹಾಕಿಸಿಕೊಂಡಿದ್ದರು. ಇರದ ವಸ್ತುವನ್ನು ಕದಿಯುವುದು ಹೇಗೆ ಎಂಬುದು ಅವರ ಪರದ ವಾದವಾಗಿತ್ತು. 2012ರ ಜನವರಿಯಲ್ಲಿ ಅಲ್ಲಿಯ ಸರ್ವೋಚ್ಚ ನ್ಯಾಯಾಲಯ ಅದನ್ನು ತಳ್ಳಿಹಾಕಿತು. ಆ ಹುಡುಗ ಆ ವಸ್ತುಗಳನ್ನು ಪಡೆಯಲು ಸಮಯ ಮತ್ತು ಶ್ರಮ ಹಾಕಿದ್ದ, ಅವು ಅವನ ಹತೋಟಿಯಲ್ಲಿದ್ದವು. ಆದ್ದರಿಂದ ಅವನ್ನು ಕಿತ್ತುಕೊಂಡದ್ದು ಕಳವೇ ಎಂದಿತು.

ಆದರೆ ಕಿರಿಯರ ಮಾತೂ ಪೂರ್ತಿಯಲ್ಲ: ನಾಟಕದ ಟಿಕೆಟಿಗೂ ಆಟದ ಸ್ಕಿನ್‌ಗೂ ಒಂದು ದೊಡ್ಡ ವ್ಯತ್ಯಾಸವಿದೆ. ಟಿಕೆಟ್ ಕೊಂಡವನಿಗೆ ಬೆಲೆ ಎಷ್ಟೆಂಬುದು ಒಳಗೆ ಹೋಗುವ ಮೊದಲೇ ಗೊತ್ತಿತ್ತು. ನಾಟಕ ಎಷ್ಟು ಹೊತ್ತಿಗೆ ಮುಗಿಯುತ್ತದೆಂದು ಗೊತ್ತಿತ್ತು. ದುಷ್ಯಂತನ ಉಂಗುರ ತನ್ನದಾಯಿತೆಂದು ಅವನು ಮನೆಗೆ ಹೋಗುವಾಗ ನಂಬಿರಲಿಲ್ಲ. ಪರದೆಯೊಳಗಿನ ಪೇಟೆಯಲ್ಲಿ ಈ ಮೂರೂ ವಿಷಯ ಮಸುಕಾಗಿವೆ. ಅಲ್ಲಿಯ ಖರ್ಚು ಸಾರ್ಥಕವೋ ಅಲ್ಲವೋ ಎಂಬುದು ಈ ಮಸುಕು ಎಷ್ಟು ತಿಳಿಯಾಗಿದೆ ಎಂಬುದರ ಮೇಲೆ ನಿಂತಿದೆ.

ಒಡೆತನದ ವಿಷಯ ಮೊದಲು ನೋಡಬೇಕು. 2020ರ ಸೆಪ್ಟೆಂಬರ್ 2ರಂದು ಕೇಂದ್ರ ಸರ್ಕಾರ ಪಬ್‌ಜಿ ಮೊಬೈಲ್ ಆಟವೂ ಸೇರಿ 118 ಆ್ಯಪ್‌ಗಳನ್ನು ನಿಷೇಧಿಸಿತು. ಅಕ್ಟೋಬರ್ 30ಕ್ಕೆ ಆಟದ ಸರ್ವರ್‌ಗಳು ಭಾರತದಲ್ಲಿ ನಿಂತವು. ಅಲ್ಲಿಯವರೆಗೆ ಪಾಕೆಟ್ ಮನಿ ಕೂಡಿಟ್ಟು, ಮೊದಲ ಸಂಬಳದಿಂದ ತೆಗೆದಿಟ್ಟು ಯುಸಿ ಎಂಬ ಆಟದ ನಾಣ್ಯ ಕೊಂಡವರ ಉಡುಪು, ಬಂದೂಕು ಎಲ್ಲ ಒಂದೇ ರಾತ್ರಿಯಲ್ಲಿ ಕೈಗೆ ಎಟುಕದಾದವು. 2021ರ ಜುಲೈನಲ್ಲಿ ಅದೇ ಆಟ ಬಿಜಿಎಂಐ ಎಂಬ ಹೆಸರಿನಲ್ಲಿ ಮರಳಿದಾಗ ಹಳೆಯ ಖಾತೆಯ ವಸ್ತುಗಳನ್ನು ವರ್ಗಾಯಿಸಿಕೊಳ್ಳಲು ಅವಕಾಶ ಸಿಕ್ಕಿತು. 2022ರ ಜುಲೈನಲ್ಲಿ ಅದೂ ಆ್ಯಪ್ ಅಂಗಡಿಗಳಿಂದ ಮಾಯವಾಗಿ, 2023ರ ಮೇ ತಿಂಗಳಲ್ಲಿ ಮತ್ತೆ ಬಂತು. ಮರಳಿ ಬಂದದ್ದು ಆಟಗಾರರ ಹಕ್ಕಿನಿಂದಲ್ಲ, ಕಂಪನಿ ಮತ್ತು ಸರ್ಕಾರದ ನಡುವಿನ ಮಾತುಕತೆಯಿಂದ.

ನಿಷೇಧವೇ ಆಗಬೇಕೆಂದಿಲ್ಲ, ಕಂಪನಿ ಮನಸ್ಸು ಬದಲಿಸಿದರೂ ಸಾಕು. ಒಂದು ಕಾಲಕ್ಕೆ ಕಚೇರಿ ಕೆಲಸದ ನಡುವೆಯೂ ಜನ ಬೆಳೆ ಕೊಯ್ಯುತ್ತಿದ್ದ ಫೇಸ್‌ಬುಕ್‌ನ ‘ಫಾರ್ಮ್‌ವಿಲ್’ 2020ರ ಡಿಸೆಂಬರ್ 31ಕ್ಕೆ ಮುಚ್ಚಿತು. ಯೂಬಿಸಾಫ್ಟ್ ತನ್ನ ‘ದಿ ಕ್ರೂ’ ಎಂಬ ಕಾರು ಓಟದ ಆಟದ ಸರ್ವರ್‌ಗಳನ್ನು 2024ರ ಮಾರ್ಚ್ 31ಕ್ಕೆ ನಿಲ್ಲಿಸಿತು. ಇದು ಉಚಿತ ಆಟವಾಗಿರಲಿಲ್ಲ. 2014ರಿಂದ ಜನ ಪೂರ್ತಿ ಬೆಲೆ ಕೊಟ್ಟು ಕೊಂಡಿದ್ದರು. ಒಬ್ಬನೇ ಕೂತು ಆಡುವ ಭಾಗಕ್ಕೂ ಸರ್ವರ್ ಬೇಕಾಗಿದ್ದರಿಂದ, ಅಂಗಡಿಯಲ್ಲಿ ಡಿಸ್ಕ್ ಕೊಂಡವರಿಗೂ ಆಟ ಇಲ್ಲವಾಯಿತು. ಇದನ್ನು ವಿರೋಧಿಸಿ ಯುರೋಪಿನಲ್ಲಿ ಎದ್ದ ‘ಸ್ಟಾಪ್ ಕಿಲ್ಲಿಂಗ್ ಗೇಮ್ಸ್’ ಚಳವಳಿಗೆ 2025ರ ಜುಲೈ ಹೊತ್ತಿಗೆ ಹತ್ತು ಲಕ್ಷಕ್ಕೂ ಮೀರಿ ಸಹಿಗಳು ಬಂದವು. ಕ್ಯಾಲಿಫೋರ್ನಿಯಾ ರಾಜ್ಯ 2025ರಿಂದ ಜಾರಿಗೆ ತಂದ ಕಾನೂನಿನ ಪ್ರಕಾರ, ಡಿಜಿಟಲ್ ಸರಕು ಮಾರುವವರು ಅದು ಪೂರ್ಣ ಮಾರಾಟವಲ್ಲ, ಬಳಕೆಯ ಪರವಾನಗಿ ಮಾತ್ರ ಎಂಬುದನ್ನು ಗ್ರಾಹಕನಿಗೆ ಸ್ಪಷ್ಟವಾಗಿ ತಿಳಿಸಬೇಕು. ಭಾರತದಲ್ಲಿ ಆ ಸಂಗತಿ ಇಂದಿಗೂ ಯಾರೂ ಓದದ ಉದ್ದನೆಯ ಷರತ್ತುಗಳ ನಡುವೆ ಹುದುಗಿರುತ್ತದೆ.

ಹೀಗಿರುವಾಗ ಪರದೆಯೊಳಗಿನ ವಸ್ತುವನ್ನು ಆಸ್ತಿಯೆಂದು ಕೊಳ್ಳುವುದು ತಪ್ಪು ಲೆಕ್ಕ. 2021ರ ಕೊನೆಯಲ್ಲಿ ಫೇಸ್‌ಬುಕ್ ಕಂಪನಿ ಮೆಟಾ ಎಂದು ಹೆಸರು ಬದಲಿಸಿದ ಬೆನ್ನಿಗೇ ‘ಮೆಟಾವರ್ಸ್ ಜಮೀನು’, ಅಂದರೆ ಪರದೆಯೊಳಗಿನ ಲೋಕದ ನೆಲ, ಕೊಳ್ಳುವ ಭರಾಟೆ ಎದ್ದಿತು. ಆ ನವೆಂಬರ್‌ನಲ್ಲಿ ಡಿಸೆಂಟ್ರಲ್ಯಾಂಡ್ ಎಂಬ ಲೋಕದ ಒಂದು ನಿವೇಶನ 24 ಲಕ್ಷ ಡಾಲರಿಗೂ ಹೆಚ್ಚು ಬೆಲೆಗೆ ಹೋಯಿತು. ಮುಂದಿನ ವರ್ಷವೇ ಆ ಉತ್ಸಾಹ ಇಳಿದು, ಬೆಲೆಗಳು ಕುಸಿದವು. ನೆಲಕ್ಕೆ ಬೆಲೆ ಬರುವುದು ಅದು ಸೀಮಿತವಾಗಿರುವುದರಿಂದ. ಪರದೆಯೊಳಗೆ ಮತ್ತೊಂದು ಭೂಮಿಯನ್ನು ಯಾರು ಬೇಕಾದರೂ ಸೃಷ್ಟಿಸಬಹುದು. ಭಾರತದ ತೆರಿಗೆ ಪದ್ಧತಿಯೂ ಇಲ್ಲಿ ಕಠಿಣ. 2022ರ ಏಪ್ರಿಲ್‌ನಿಂದ ಎನ್‌ಎಫ್‌ಟಿ ಎಂಬ ಡಿಜಿಟಲ್ ಟೋಕನ್‌ಗಳೂ ಸೇರಿದಂತೆ ವರ್ಚುವಲ್ ಡಿಜಿಟಲ್ ಆಸ್ತಿಯ ಲಾಭದ ಮೇಲೆ ಶೇ 30 ತೆರಿಗೆಯಿದೆ. ಒಂದರಲ್ಲಿ ಆದ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯುವಂತಿಲ್ಲ.

ಪುಣೆಗೆ ಈ ಪಾಠ ಹೊಸದಲ್ಲ. ತಿಂಗಳಿಗೆ ಶೇ 10ರಂತೆ ಹದಿನೆಂಟು ತಿಂಗಳು ಪ್ರತಿಫಲ ಕೊಡುವುದಾಗಿ ನಂಬಿಸಿದ ಗೇನ್‌ಬಿಟ್‌ಕಾಯಿನ್ ಯೋಜನೆಯ ಮೇಲೆ ಇಲ್ಲಿಯ ಪೊಲೀಸರೇ ಪ್ರಕರಣ ದಾಖಲಿಸಿ, 2018ರಲ್ಲಿ ಅದರ ಮುಖ್ಯಸ್ಥನನ್ನು ಬಂಧಿಸಿದರು. ಹಣ ಹಾಕಿದವರಿಗೆ ಬಿಟ್‌ಕಾಯಿನ್ ಬದಲು ಎಂಕ್ಯಾಪ್ ಎಂಬ, ಕಂಪನಿಯೇ ಹುಟ್ಟುಹಾಕಿದ ನಾಣ್ಯ ಕೊಡಲಾಗಿತ್ತು. ಅದು ಆಟವಲ್ಲ, ನಿಜ. ಆದರೆ ಮಾರುವವನೇ ನಾಣ್ಯ ಟಂಕಿಸಿ, ಅದರ ಬೆಲೆಯನ್ನೂ ಅವನೇ ಹೇಳುವ ಕಡೆ ಉಳಿತಾಯ ಇಡಬಾರದು ಎಂಬುದು ಎರಡಕ್ಕೂ ಸಮಾನವಾದ ಮಾತು.

ಇನ್ನು ಬೆಲೆಯ ವಿಷಯ. ಆಟದ ಅಂಗಡಿಯಲ್ಲಿ ಸಾಮಾನ್ಯವಾಗಿ ಉಡುಪಿನ ಬೆಲೆ ರೂಪಾಯಿಯಲ್ಲಿ ಇರುವುದಿಲ್ಲ. ಡೈಮಂಡ್, ಯುಸಿ, ಕಾಯಿನ್‌ಗಳಲ್ಲಿ ಇರುತ್ತದೆ. ರೂಪಾಯಿ ಕೊಟ್ಟು ಮೊದಲು ಅವುಗಳ ಕಟ್ಟು ಕೊಳ್ಳಬೇಕು. ಕಟ್ಟಿನ ಗಾತ್ರಕ್ಕೂ ವಸ್ತುವಿನ ಬೆಲೆಗೂ ತಾಳೆಯಾಗದೆ ಸ್ವಲ್ಪ ಉಳಿಯುತ್ತದೆ; ಉಳಿದದ್ದನ್ನು ಬಳಸಲು ಇನ್ನೊಂದು ಟಾಪ್-ಅಪ್. ಎಷ್ಟು ಖರ್ಚಾಯಿತೆಂಬ ಅಂದಾಜು ಹೀಗೆ ತಪ್ಪುತ್ತದೆ. ಇದಕ್ಕಿಂತ ಕೆಟ್ಟದ್ದು ಕ್ರೇಟ್. ಹಣ ಕೊಟ್ಟು ಮುಚ್ಚಿದ ಪೆಟ್ಟಿಗೆ ತೆರೆಯುವುದು, ಒಳಗೆ ಬೇಕಾದದ್ದು ಸಿಗಬಹುದು, ಸಿಗದಿರಬಹುದು. ಅಲ್ಲಿ ಕೊಳ್ಳುವುದು ಉಡುಪನ್ನಲ್ಲ, ಉಡುಪು ಸಿಗುವ ಅದೃಷ್ಟವನ್ನು. ಬೆಲ್ಜಿಯಂ 2018ರಲ್ಲೇ ಹಣ ಕೊಟ್ಟು ತೆರೆಯುವ ಇಂಥ ಪೆಟ್ಟಿಗೆಗಳನ್ನು ಜೂಜಿನ ಕಾನೂನಿನಡಿ ತಂದಿತು.

ಜೂಜಿನ ಮಾತು ಬಂದಾಗ ಪುಣೆ ಪಕ್ಕದ ಪಿಂಪ್ರಿ-ಚಿಂಚವಡದ ಪ್ರಕರಣ ನೆನಪಾಗದೆ ಇರದು. 2023ರ ಅಕ್ಟೋಬರ್‌ನಲ್ಲಿ ಅಲ್ಲಿಯ ಒಬ್ಬ ಸಬ್‌ಇನ್‌ಸ್ಪೆಕ್ಟರ್ ಡ್ರೀಮ್11 ಎಂಬ ಹಣದಾಟದ ಆ್ಯಪ್‌ನಲ್ಲಿ ಕ್ರಿಕೆಟ್ ತಂಡ ಕಟ್ಟಿ ಒಂದೂವರೆ ಕೋಟಿ ರೂಪಾಯಿ ಗೆದ್ದರು. ಸಿಹಿ ಹಂಚಿದ ಕೆಲವೇ ದಿನಗಳಲ್ಲಿ ಇಲಾಖೆ ಅವರನ್ನು ಅಮಾನತು ಮಾಡಿತು. ಗೆದ್ದವರ ಸುದ್ದಿ ದೇಶವೆಲ್ಲ ಹರಡಿತು, ಸೋತವರದ್ದು ಹರಡಲಿಲ್ಲ. 2025ರ ಆಗಸ್ಟ್‌ನಲ್ಲಿ ಸಂಸತ್ತು ಹಣ ಪಣಕ್ಕಿಡುವ ಆಟಗಳನ್ನು ನಿಷೇಧಿಸುವ ಆನ್‌ಲೈನ್ ಗೇಮಿಂಗ್ ಮಸೂದೆಯನ್ನು ಅಂಗೀಕರಿಸುವ ಹೊತ್ತಿಗೆ, ವರ್ಷಕ್ಕೆ 45 ಕೋಟಿ ಜನ ಹಣದಾಟಗಳಲ್ಲಿ ಸುಮಾರು 20,000 ಕೋಟಿ ರೂಪಾಯಿ ಕಳೆದುಕೊಳ್ಳುತ್ತಿದ್ದಾರೆ ಎಂಬ ಅಂದಾಜನ್ನು ಸರ್ಕಾರ ಮುಂದಿಟ್ಟಿತು. ಮಸೂದೆಗೆ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಬಿತ್ತು. ಡ್ರೀಮ್11 ಹಣದ ಸ್ಪರ್ಧೆಗಳನ್ನು ನಿಲ್ಲಿಸಿತು. ಕರ್ನಾಟಕ ಇಂಥದ್ದೇ ಪ್ರಯತ್ನವನ್ನು 2021ರಲ್ಲಿ ಪೊಲೀಸ್ ಕಾಯ್ದೆಯ ತಿದ್ದುಪಡಿಯ ಮೂಲಕ ಮಾಡಿತ್ತು, ಹೈಕೋರ್ಟ್ 2022ರ ಫೆಬ್ರುವರಿಯಲ್ಲಿ ಅದನ್ನು ರದ್ದುಪಡಿಸಿತ್ತು.

ಕೇಂದ್ರದ ಕಾಯ್ದೆ ಒಂದು ಒಳ್ಳೆಯ ಗೆರೆ ಎಳೆದಿದೆ. ಗೆಲ್ಲುವ ಆಸೆಯಿಂದ ಹಣ ಪಣಕ್ಕಿಡುವ ಆಟ ಬೇರೆ, ಇ-ಸ್ಪೋರ್ಟ್ಸ್ ಬೇರೆ, ಪ್ರವೇಶಕ್ಕೋ ಚಂದಾಕ್ಕೋ ಹಣ ಪಡೆಯುವ ಮನರಂಜನೆಯ ಆಟ ಬೇರೆ. ಮೊದಲನೆಯದಕ್ಕೆ ನಿಷೇಧ, ಉಳಿದೆರಡಕ್ಕೆ ಮಾನ್ಯತೆ. ಆದರೆ ಮನರಂಜನೆಯ ಆಟದ ಹೊಟ್ಟೆಯೊಳಗೇ ಅದೃಷ್ಟದ ಪೆಟ್ಟಿಗೆ ಕೂತಿರುವಾಗ ಏನು ಮಾಡಬೇಕೆಂಬುದನ್ನು ಅದು ಹೆಸರೆತ್ತಿ ಹೇಳಿಲ್ಲ. ಇದು ಸಣ್ಣ ಬಿರುಕಲ್ಲ, ಏಕೆಂದರೆ ಈ ಆಟಗಳನ್ನು ಆಡುವವರಲ್ಲಿ ಬಹಳಷ್ಟು ಮಂದಿ ಮಕ್ಕಳು.

ಮಕ್ಕಳ ವಿಷಯದಲ್ಲಿ ಕಾನೂನು ಹಳೆಯದು, ಸ್ಪಷ್ಟವಾದದ್ದು. 1872ರ ಕರಾರು ಕಾಯ್ದೆಯಡಿ ಅಪ್ರಾಪ್ತರು ಕರಾರು ಮಾಡಿಕೊಳ್ಳಲು ಅರ್ಹರಲ್ಲ; ಅಂಥ ಕರಾರು ಮೂಲದಲ್ಲೇ ಅಸಿಂಧು ಎಂದು ಪ್ರಿವಿ ಕೌನ್ಸಿಲ್ 1903ರಲ್ಲೇ ತೀರ್ಪಿತ್ತಿದೆ. ಹಾಗಿದ್ದೂ ಅಪ್ಪನ ಫೋನಿನಲ್ಲಿ ಹತ್ತು ವರ್ಷದ ಮಗು ಒತ್ತಿದ ಗುಂಡಿಗೆ ಹಣ ಹೋಗುತ್ತದೆ. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಇದೇ ಬಗೆಯ ದೂರುಗಳ ಮೇಲೆ ‘ಫೋರ್ಟ್‌ನೈಟ್’ನ ಎಪಿಕ್ ಗೇಮ್ಸ್ ವಿರುದ್ಧ ನಿಂತು, 2022ರ ಡಿಸೆಂಬರ್‌ನಲ್ಲಿ ಗ್ರಾಹಕರಿಗೆ 24.5 ಕೋಟಿ ಡಾಲರ್ ಹಿಂದಿರುಗಿಸಲು ಕಂಪನಿಯನ್ನು ಒಪ್ಪಿಸಿತು. ಗುಂಡಿಗಳ ಜೋಡಣೆಯೇ ಜನರನ್ನು ಬೇಡದ ಖರೀದಿಗೆ ನೂಕುವಂತಿತ್ತು ಎಂಬುದು ಆರೋಪ. ಭಾರತದಲ್ಲೂ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್‌ನಲ್ಲಿ ಇಂಥ 13 ಮೋಸದ ವಿನ್ಯಾಸಗಳನ್ನು ಪಟ್ಟಿ ಮಾಡಿ ನಿಷೇಧಿಸಿದೆ. ‘ಇನ್ನು ಹತ್ತು ನಿಮಿಷ ಮಾತ್ರ’ ಎಂದು ಸುಳ್ಳು ಆತುರ ಹುಟ್ಟಿಸುವುದು ಅದರಲ್ಲೊಂದು. ಆಟಗಳ ಅಂಗಡಿಗಳ ಮೇಲೆ ಈ ನಿಯಮವನ್ನು ಕಟ್ಟುನಿಟ್ಟಾಗಿ ಪ್ರಯೋಗಿಸುವ ಕೆಲಸ ಆಗಬೇಕಿದೆ.

ಇಷ್ಟೆಲ್ಲ ಹೇಳಿದ ಮೇಲೆ ಪೂರ್ತಿ ಬೇಡವೆಂದುಬಿಡುವುದು ಸುಲಭ. ಅದು ಅನ್ಯಾಯವೂ ಹೌದು. ದಿನದ ಕೆಲಸ ಮುಗಿಸಿದ ಹುಡುಗಿಯೊಬ್ಬಳು ತಿಂಗಳಿಗೊಂದು ಪಾಸ್ ಕೊಂಡು, ಊರಿನ ಮೂವರು ಗೆಳತಿಯರ ಸ್ಕ್ವಾಡ್‌ನಲ್ಲಿ ನಗುತ್ತ ಎರಡು ತಾಸು ಕಳೆದರೆ, ಅದು ಸಿನಿಮಾ ಟಿಕೆಟಿಗೆ ಕೊಟ್ಟಷ್ಟೇ ಸರಿಯಾದ ಖರ್ಚು. ಬೆಲೆ ಅವಳಿಗೆ ಗೊತ್ತು, ಏನು ಸಿಗುತ್ತದೆಂದು ಗೊತ್ತು, ಮರಳಿ ಏನೂ ಬರುವುದಿಲ್ಲವೆಂದೂ ಗೊತ್ತು. ಆ ದುಡ್ಡಿನ ಪಾಲು ನಮ್ಮ ಊರಿನ ಕಲಾವಿದರಿಗೆ ತಲುಪುವುದಾದರೆ ಇನ್ನೂ ಒಳ್ಳೆಯದು. ಪುಣೆಯ, ಬೆಂಗಳೂರಿನ ಸ್ಟುಡಿಯೊಗಳು ನಮ್ಮ ಕಥೆ, ನಮ್ಮ ಬಣ್ಣಗಳಿಂದ ಆಟ ಕಟ್ಟಬೇಕೆಂದು ಬಯಸುವವರು, ಅದಕ್ಕೆ ನ್ಯಾಯವಾದ ಬೆಲೆ ಕೊಡಲೂ ಸಿದ್ಧರಿರಬೇಕು.

ಆದ್ದರಿಂದ ತೀರ್ಮಾನ ಇಷ್ಟು: ಗೊತ್ತಿರುವ ಬೆಲೆಗೆ, ಸಂತೋಷಕ್ಕಾಗಿ, ಮಿಗುವ ದುಡ್ಡಿನಿಂದ ಮಾಡಿದ ಖರ್ಚು ಸಾರ್ಥಕ. ಹೂಡಿಕೆಯೆಂದು ಹಾಕಿದ್ದು, ಪೆಟ್ಟಿಗೆಯ ಅದೃಷ್ಟಕ್ಕೆ ಕೊಟ್ಟದ್ದು, ಸಾಲ ಮಾಡಿ ತಂದದ್ದು ಅಲ್ಲ. ಸರ್ಕಾರ ಈ ಕೆಲವನ್ನಾದರೂ ನಿಯಮ ಮಾಡಬೇಕು: ಪ್ರತಿ ವಸ್ತುವಿನ ಮುಂದೆ ರೂಪಾಯಿಯಲ್ಲಿ ಬೆಲೆ, ಅಪ್ರಾಪ್ತರಿಗೆ ಕ್ರೇಟ್ ಮಾರಾಟ ಇಲ್ಲ, ಆಟ ಮುಚ್ಚುವ ಮೊದಲು ಸಾಕಷ್ಟು ಮುನ್ಸೂಚನೆ ಮತ್ತು ಬಳಸದೆ ಉಳಿದ ನಾಣ್ಯಕ್ಕೆ ಹಣ ವಾಪಸ್. ಅಲ್ಲಿಯವರೆಗೆ ಪೋಷಕರು ಮಾಡಬಹುದಾದದ್ದೂ ಇದೆ. ಫೋನಿನ ಪ್ಲೇ ಸ್ಟೋರ್‌ನಲ್ಲಿ ಪ್ರತಿ ಖರೀದಿಗೂ ಪಾಸ್‌ವರ್ಡ್ ಕೇಳುವಂತೆ ಇಂದೇ ಬದಲಿಸಿ. ಮಗು ತಿಳಿಯದೆ ಕೊಂಡಿದ್ದರೆ 48 ಗಂಟೆಯೊಳಗೆ ಗೂಗಲ್‌ಗೆ ಹಣ ವಾಪಸಾತಿಯ ಮನವಿ ಸಲ್ಲಿಸಿ. ಬಯ್ಯುವ ಮೊದಲು ಒಂದು ಸಂಜೆ ಮಗುವಿನ ಪಕ್ಕ ಕೂತು, ಅದು ಏನನ್ನು ಕೊಳ್ಳಲು ಬಯಸುತ್ತಿದೆ, ಯಾಕೆ ಬಯಸುತ್ತಿದೆ ಎಂದು ಕೇಳಿ ತಿಳಿದುಕೊಳ್ಳಿ.